ಹೇಮಾವತಿ ಹಿನ್ನೀರಿನಲ್ಲಿ ಮೂರು ರೀಲು

ಬೆಳಗ್ಗೆ ಆರು ಗಂಟೆ. ಹಾಸನದಿಂದ ಶೆಟ್ಟಿಹಳ್ಳಿ ಕಡೆ ಬಂದು, ಟಾರು ರಸ್ತೆ ಮುಗಿದಲ್ಲಿ ಕಾರು ನಿಲ್ಲಿಸಿ, ಬಿರುಕು ಬಿಟ್ಟ ಒಣಮಣ್ಣಿನ ಮೇಲೆ ನೀವು ನನ್ನ ಹಿಂದೆ ನಡೆದು ಬರುತ್ತಿದ್ದೀರಿ. ಶಿವರಾತ್ರಿ ಕಳೆದಿದೆ. ಹಿನ್ನೀರು ಇಳಿಯತೊಡಗಿ ದಡ ದಿನದಿನಕ್ಕೂ ಒಳಕ್ಕೆ ಸರಿಯುತ್ತಿದೆ. ಎಡಗಡೆ ಚಾವಣಿ ಕಳೆದುಕೊಂಡ ಇಗರ್ಜಿಯ ಕಮಾನುಗಳು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಮಳೆಗಾಲ ಬಂದರೆ ನೀರಲ್ಲಿ ನಿಲ್ಲುತ್ತದೆ, ಬೇಸಿಗೆಗೆ ಮತ್ತೆ ನೆಲ ಕಾಣುತ್ತದೆ. ಇನ್ನೊಂದು ಗಂಟೆಯಲ್ಲಿ ಫೋಟೋ ತೆಗೆಯುವವರು ಬರಲು ಶುರು ಮಾಡುತ್ತಾರೆ. ಅಷ್ಟರೊಳಗೆ ನಾವು ಅವರಿಂದ ದೂರ, ಆ ಬೋಳು ಮರದ ಮೋಟುಗಳಿರುವ ಕೊಲ್ಲಿ ಸೇರಿಕೊಳ್ಳಬೇಕು.

ನನ್ನ ಹೆಗಲ ಚೀಲದಲ್ಲಿ ಮೂರು ಸ್ಪಿನ್ನಿಂಗ್ ರೀಲುಗಳಿವೆ. ರಾಡು ಒಂದೇ, ಏಳಡಿಯದು. ಇವತ್ತು ಸಂಜೆ ಬೆಂಗಳೂರಿನ ಅಂಗಡಿಯಲ್ಲಿ ನೀವು ನಿಮ್ಮ ಮೊದಲ ರೀಲು ಕೊಳ್ಳಲಿದ್ದೀರಿ. ಅದಕ್ಕೆ ಮೊದಲು ಒಂದು ಬೆಳಗು ನೀರಿನ ಮುಂದೆ ನಿಲ್ಲಬೇಕೆಂದು ಹಟ ಹಿಡಿದವನು ನಾನು. ಅಂಗಡಿಯಲ್ಲಿ ರೀಲಿಗೆ ಎದುರಾಗಿ ಯಾರೂ ಎಳೆಯುವುದಿಲ್ಲ; ಎಲ್ಲ ರೀಲೂ ಅಲ್ಲಿ ಚೆನ್ನಾಗಿಯೇ ತಿರುಗುತ್ತದೆ.

ಚೀಲ ಬಿಚ್ಚಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಕೂತುಕೊಳ್ಳಿ, ಅಗೋ ಆ ಜೊಂಡಿನ ಅಂಚನ್ನು ನೋಡಿ.

ನೀರು ಅಲುಗದು. ಎರಡು ಬೆಳ್ಳಕ್ಕಿ ಕೆಸರಿನಲ್ಲಿ ಕಾಲೆತ್ತಿ ಇಡುತ್ತಿವೆ. ಆಮೇಲೆ ಅಲ್ಲಿ, ತೇಲುವ ಎಲೆಗಳ ನಡುವಿನ ಅಂಗೈ ಅಗಲದ ತೆರಪಿನಲ್ಲಿ, 'ಗ್ಲುಕ್' ಎಂದು ಒಂದು ಸದ್ದು, ಒಂದು ಸಣ್ಣ ಸುಳಿ, ಎರಡು ಗುಳ್ಳೆ. ಕೇಳಿಸಿತಲ್ಲ? ಅದು ಕೊರಮೀನು. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಅದರ ತಲೆಯೊಳಗಿದೆ, ಹಾಗಾಗಿ ಆಗಾಗ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಳ್ಳಲೇಬೇಕು. ಮರಲ್ ಎಂದು ಗಾಳದವರು ಹೇಳುವುದೂ ಇದನ್ನೇ. ಎಲೆಯ ನೆರಳಲ್ಲಿ ಕದಲದೆ ಕಾದಿದ್ದು, ಕಪ್ಪೆಯೋ ಮರಿಮೀನೋ ತಲೆಯ ಮೇಲೆ ಹಾದರೆ ಒಂದೇ ನೆಗೆತ. ಹಿಡಿದ ಮೇಲೆ ದೂರ ಓಡುವುದಿಲ್ಲ. ಬಂದ ಕಡೆಗೇ, ಜೊಂಡಿನ ಬುಡಕ್ಕೆ ತಿರುಗುತ್ತದೆ. ಅದರ ಆ ಮೊದಲ ಒಂದೆರಡು ಸೆಕೆಂಡುಗಳನ್ನು ನಿಮ್ಮ ರೀಲು ಹೇಗೆ ತಡೆದುಕೊಳ್ಳುತ್ತದೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಅಂಗಡಿಗೆ ಹೋದವರು ರೀಲಿನಿಂದ ಶುರು ಮಾಡುತ್ತಾರೆ, ಅದಕ್ಕೇ ತಪ್ಪಿ ಬೀಳುತ್ತಾರೆ. ಶುರು ಮಾಡಬೇಕಾದ್ದು ಆ ಗುಳ್ಳೆಯಿಂದ. ಇಂಥ ಮೀನು, ಇಂಥ ಜೊಂಡು. ಜೊಂಡಿನ ಮೇಲೆ ಸಿಕ್ಕಿಕೊಳ್ಳದೆ ಜಾರಿ ಬರಬೇಕೆಂದರೆ ಟೊಳ್ಳು ರಬ್ಬರಿನ ಕಪ್ಪೆ ಬೇಕು, ಹತ್ತು ಹದಿನೈದು ಗ್ರಾಂ ತೂಕದ್ದು. ಅದನ್ನು ಕಚ್ಚಿ ಎಲೆಗಳ ಸಮೇತ ಒಳಗಿಳಿದ ಮೀನನ್ನು ಎತ್ತಿ ತರಬೇಕೆಂದರೆ ಹೆಣೆದ ಪಿಇ ದಾರ ಬೇಕು, 2ನೇ ನಂಬರಿನದು ಸಾಕು: ಕಾಲು ಮಿಲಿಮೀಟರಿಗಿಂತ ತೆಳುವು, ಹದಿನಾಲ್ಕು ಹದಿನೈದು ಕಿಲೋ ತಡೆಯುತ್ತದೆ. ಆ ಕಪ್ಪೆ, ಆ ದಾರಕ್ಕೆ ಹೊಂದುವ ರಾಡು ನನ್ನ ಕೈಲಿರುವ ಈ ಮಧ್ಯಮ ಬಿಗಿಯದು. ಈ ರಾಡಿಗೆ ತೂಕದಲ್ಲಿ ಸರಿದೂಗಿ, ಆ ದಾರವನ್ನು ನೂರೈವತ್ತು ಮೀಟರ್ ಹಿಡಿಸಿಕೊಳ್ಳುವ ರೀಲು ಯಾವುದು? ಪ್ರಶ್ನೆ ಕೇಳಿಕೊಳ್ಳಬೇಕಾದ ವರಸೆ ಇದು. ಮೀನು ಮೊದಲು, ರೀಲು ಕಟ್ಟಕಡೆಗೆ.

ಜಲಾಶಯದ ಮೀನು ಪರವಾನಗಿಯವರದು. ನಾವು ಇಲ್ಲಿನ ಮೀನುಗಾರರನ್ನು ಕೇಳಿಕೊಂಡೇ ಬಂದಿದ್ದೇವೆ. ಅಗೋ ಹರಿಗೋಲಿನಲ್ಲಿ ಬಲೆ ಎತ್ತುತ್ತಿರುವವರೇ ಹೇಳಿದ್ದು, ಈ ಕೊಲ್ಲಿಗೆ ಹೋಗಿ ಅಂತ.

ಈಗ ಚೀಲ ಬಿಚ್ಚಿ.

ಮೊದಲನೆಯದನ್ನು ತೆಗೆದುಕೊಳ್ಳಿ. ದೊಡ್ಡದು, ದಾರ ಸುತ್ತುವ ಸ್ಪೂಲಿನ ಮೇಲೆ 5000 ಎಂದು ಬರೆದಿದೆ. ಅಂಗೈ ಮೇಲೆ ಇಟ್ಟ ತಕ್ಷಣ ನಿಮ್ಮ ಮುಖ ಅರಳಿತು, ನೋಡಿದೆ. ಭಾರವಿದ್ದರೆ ಗಟ್ಟಿ ಎನ್ನುವ ನಂಬಿಕೆ ನಮ್ಮ ಕೈಗಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ರಾಡಿಗೆ ಸಿಕ್ಕಿಸಿ, ರೀಲಿನ ಕಾಲನ್ನು ನಡುಬೆರಳು ಉಂಗುರದ ಬೆರಳುಗಳ ನಡುವೆ ಬರುವಂತೆ ಹಿಡಿಯಿರಿ. ತೋರುಬೆರಳಿನ ತುದಿಯಲ್ಲಿ ದಾರ ಎತ್ತಿಕೊಳ್ಳಿ. ಎಡಗೈಯಿಂದ ದಾರವನ್ನು ತಡೆದಿರುವ ಬೇಲ್ ಕಂಬಿ ತೆರೆಯಿರಿ. ರಾಡನ್ನು ಹಿಂದಕ್ಕೆ ಒಯ್ದು, ಮುಂದಕ್ಕೆ ಬೀಸಿ, ರಾಡು ಕಣ್ಣೆದುರಿಗೆ ಬಂದಾಗ ಬೆರಳು ಬಿಡಿ.

ಕಪ್ಪೆ ಹಾರಿ ಇಪ್ಪತ್ತೈದು ಗಜದಾಚೆ ಎಲೆಗಳ ಮೇಲೆ ಬಿತ್ತು. ಚೆನ್ನಾಗಿದೆ! ಆದರೆ ದಾರ ಹೊರಟದ್ದನ್ನು ಗಮನಿಸಿದಿರಾ? ಸ್ಪೂಲು ತಿರುಗಲೇ ಇಲ್ಲ. ಅದು ನಿಂತಲ್ಲೇ ನಿಂತಿತ್ತು, ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಹೋಯಿತು. ಇಳಕಲ್ಲಿನಲ್ಲೋ ದೊಡ್ಡಬಳ್ಳಾಪುರದಲ್ಲೋ ಮಗ್ಗದ ಪಕ್ಕ ನಿಂತು ಲಾಳಿಯೊಳಗಿನ ಕಂಡಿಕೆಯಿಂದ ಎಳೆ ಬಿಚ್ಚುವುದನ್ನು ನೋಡಿದ್ದರೆ ನಿಮಗೆ ಇದು ಹೊಸತಲ್ಲ. ಈ ಉಪಕರಣ ಹುಟ್ಟಿದ್ದೂ ನೇಯ್ಗೆಯವರ ಊರಿನಲ್ಲೇ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಗಿರಣಿ ಮಾಲೀಕ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸ್ಪೂಲನ್ನು ತಿರುಗಿಸಲು ಬಲ ಬೇಕಿಲ್ಲದ್ದರಿಂದಲೇ ಐದು ಗ್ರಾಂ ತೂಕದ ಪುಟ್ಟ ಲೂರನ್ನೂ, ಅಂದರೆ ಈ ಕಪ್ಪೆಯಂಥ ಕೃತಕ ಎರೆಯನ್ನೂ, ದೂರ ಎಸೆಯಬಹುದು. ಸಿಹಿನೀರಿನ ಗಾಳಕ್ಕೆ ಈ ಜಾತಿಯ ರೀಲು ಒಗ್ಗಿದ್ದು ಅದರಿಂದ.

ಈಗ ಬೇಲ್ ಮುಚ್ಚಿ. ಹಿಡಿಕೆ ತಿರುಗಿಸಿ ಅಲ್ಲ, ಕೈಯಿಂದ ಮುಚ್ಚಿ. ಒಮ್ಮೆ ದಾರವನ್ನು ಬೆರಳಲ್ಲಿ ಹಿಡಿದು ಬಿಗಿ ಮಾಡಿ, ಆಮೇಲೆ ಸುತ್ತಿ. ಈ ಎರಡು ಕೆಲಸಕ್ಕೆ ಒಂದು ಸೆಕೆಂಡು ಹಿಡಿಯುತ್ತದೆ. ಮಾಡದಿದ್ದರೆ ಸಡಿಲ ಸುತ್ತೊಂದು ಒಳಗೆ ಕೂತು, ಯಾವತ್ತೋ ಎಸೆತದ ನಡುವೆ ಹತ್ತು ಸುತ್ತುಗಳನ್ನು ಒಟ್ಟಿಗೆ ಎಳೆದುಕೊಂಡು ಹೊರಬರುತ್ತದೆ. ಪಿಇ ದಾರದಲ್ಲಿ ಆ ಗಂಟನ್ನು ಬಿಡಿಸುತ್ತಾ ಕೂತವರ ಬೆಳಗು ಅಲ್ಲಿಗೇ ಮುಗಿಯುತ್ತದೆ.

ಎಸೆಯಿರಿ, ಸುತ್ತಿ. ಕಪ್ಪೆಯನ್ನು ಎರಡು ಬಾರಿ ಕುಣಿಸಿ, ಒಮ್ಮೆ ನಿಲ್ಲಿಸಿ. ಮತ್ತೆ ಎಸೆಯಿರಿ.

ಸೂರ್ಯ ಇಗರ್ಜಿಯ ಗೋಡೆ ದಾಟಿ ಮೇಲೆ ಬಂದಿದ್ದಾನೆ. ನೀವು ರಾಡನ್ನು ಎಡಗೈಗೆ ವರ್ಗಾಯಿಸಿ ಬಲ ಮಣಿಕಟ್ಟನ್ನು ಕೊಡವಿದಿರಿ. ನಿಮಗೇ ಗೊತ್ತಾಗದಂತೆ ಕೊಡವಿದಿರಿ, ಆದರೆ ನಾನು ಅದಕ್ಕಾಗಿಯೇ ಕಾಯುತ್ತಿದ್ದೆ. ಲೂರಿನ ಗಾಳ ಎಂದರೆ ಎಸೆತದ ಮೇಲೆ ಎಸೆತ. ಎರೆಹುಳ ಸಿಕ್ಕಿಸಿ ಕೋಲು ನೆಟ್ಟು ಬೀಡಿ ಹಚ್ಚುವವನಿಗೆ ರೀಲಿನ ತೂಕ ಎಷ್ಟಿದ್ದರೇನು? ನೀವು ಅದನ್ನು ಮಧ್ಯಾಹ್ನದವರೆಗೂ ಗಾಳಿಯಲ್ಲಿ ಹಿಡಿದಿರಬೇಕು. ಈ 5000 ಸಮುದ್ರದ ದಡದಲ್ಲಿ ದೊಡ್ಡ ರಾಡಿನ ಮೇಲೆ ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡುತ್ತದೆ. ಇಲ್ಲಿ ಅದರ ತೂಕ ರಾಡನ್ನು ಹಿಂದಕ್ಕೆ ಜಗ್ಗುತ್ತಿದೆ, ತುದಿ ಮೇಲಕ್ಕೆ ತೇಲುತ್ತಿದೆ. ಕಪ್ಪೆಗೆ ಎಲೆ ತಾಗಿದ್ದು, ಮೀನು ಮೂಗು ತಾಗಿಸಿದ್ದು ನಿಮ್ಮ ಕೈಗೆ ಬರುತ್ತಿಲ್ಲ. ರೀಲು ಸಿಕ್ಕಿಸಿದ ರಾಡನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ಇಟ್ಟು ನೋಡಿ. ರೀಲಿನ ಕಾಲಿನ ಹತ್ತಿರ, ಅಥವಾ ಅದಕ್ಕಿಂತ ಒಂದೆರಡು ಅಂಗುಲ ಮುಂದೆ ಸಮತೂಕಕ್ಕೆ ನಿಂತರೆ ಕೈ ದಣಿಯುವುದಿಲ್ಲ. ಇದು ಕಾಲಿನಿಂದ ಹಿಂದೆ, ಹಿಡಿಯ ಕಡೆಗೆ ಹೋಗಿ ನಿಲ್ಲುತ್ತಿದೆ. ಏಳಡಿ ರಾಡಿಗೆ 2500ರಿಂದ 4000ದವರೆಗಿನ ಅಳತೆ ಸಾಕು. ತೂಕ 200ರಿಂದ 300 ಗ್ರಾಂ ಒಳಗೆ. ಅದರಾಚೆಗಿನದು ಸಿಹಿನೀರಿನ ದಡದಲ್ಲಿ ಹೊರೆ.

ಅದನ್ನು ಚೀಲಕ್ಕೆ ಹಾಕಿ. ಎರಡನೆಯದು.

ಇದು ಹಗುರ, ಹೊಳೆಯುತ್ತದೆ, ಕೆಂಪು ಬಂಗಾರದ ಗೆರೆಗಳಿವೆ. ಪೆಟ್ಟಿಗೆಯ ಮೇಲೆ '12+1 ಬೇರಿಂಗ್' ಎಂದು ದೊಡ್ಡಕ್ಷರದಲ್ಲಿ ಹಾಕಿತ್ತು. ಬೇರಿಂಗುಗಳ ಎಣಿಕೆ ರೀಲಿನ ಗುಣ ಹೇಳುವುದಿಲ್ಲ. ನಾಲ್ಕೈದು ಒಳ್ಳೆಯ ಬೇರಿಂಗ್ ಇರಬೇಕಾದ ಕಡೆ ಕೂತರೆ ಸಾಕು: ದೊಡ್ಡ ಹಲ್ಲುಚಕ್ರದ ಎರಡು ಬದಿಗೆ, ಪಿನಿಯನ್ನಿಗೆ, ದಾರ ಹಾಯುವ ರೋಲರಿಗೆ. ಹಿಡಿಕೆಯ ಗುಬುಟಿನಲ್ಲಿ ತುಂಬಿದ ಬೇರಿಂಗುಗಳು ಎಣಿಕೆಗೆ ಮಾತ್ರ ಸೇರುತ್ತವೆ.

ಹಿಡಿಕೆ ತಿರುಗಿಸಿ. ನಯವಾಗಿದೆ ಎನ್ನುತ್ತೀರಿ. ಜೋರಾಗಿ ತಿರುಗಿಸಿದರೆ ಎಲ್ಲವೂ ನಯವೇ. ಕಣ್ಣು ಮುಚ್ಚಿಕೊಂಡು ಆದಷ್ಟು ನಿಧಾನ ತಿರುಗಿಸಿ, ಒಂದು ಸುತ್ತಿಗೆ ಹತ್ತು ಸೆಕೆಂಡು ಹಿಡಿಯಲಿ. ಹೌದು, ಈಗ ಸಿಕ್ಕಿತು: ಸುತ್ತಿನ ಒಂದೇ ಜಾಗದಲ್ಲಿ ಮರಳು ಅರೆದ ಅನುಭವ. ಹಲ್ಲುಗಳು ಕೂಡುವಲ್ಲಿ ಒಪ್ಪವಿಲ್ಲ. ಹೊಸದರಲ್ಲಿ ಇಷ್ಟಿದ್ದದ್ದು ಒಂದು ವರ್ಷದಲ್ಲಿ ಇನ್ನೂ ದೊಡ್ಡದಾಗುತ್ತದೆ. ಹಿಡಿಕೆಯನ್ನು ಅಡ್ಡಕ್ಕೆ ಅಲ್ಲಾಡಿಸಿ, ಬುಡದಲ್ಲಿ ಸಡಿಲ ಕಾಣುತ್ತದೆ. ಉದ್ದ ತಿರುಪನ್ನು ಆಚೆಯಿಂದ ಹಾಕಿ ಬಿಗಿಮಾಡುವ ಮಡಚು ಹಿಡಿಕೆಗಳಲ್ಲಿ ಇದು ಸಾಮಾನ್ಯ. ನೇರವಾಗಿ ಹಲ್ಲುಚಕ್ರಕ್ಕೇ ತಿರುಪಾಗಿ ಕೂರುವ ಹಿಡಿಕೆಯಾದರೆ ಈ ಅಲುಗಾಟವಿಲ್ಲ.

ಇವೆಲ್ಲವನ್ನೂ ನಾನು ಸಹಿಸಿಕೊಂಡೇನು. ಮುಂದಿನದನ್ನು ಸಹಿಸಲಾರೆ.

ರಾಡನ್ನು ನೀವು ಹಿಡಿದು ಅಲ್ಲೇ ನಿಲ್ಲಿ. ದಾರದ ತುದಿ ನನ್ನ ಕೈಗೆ ಕೊಡಿ, ನಾನು ಮೀನು. ಸ್ಪೂಲನ್ನು ಹದವಾಗಿ ಜಾರಲು ಬಿಡುವ ಡ್ರ್ಯಾಗಿನ ಗುಬುಟನ್ನು ನಿಮಗೆ ಸರಿ ಅನ್ನಿಸುವಷ್ಟು ಬಿಗಿ ಮಾಡಿ. ರಾಡು ಎತ್ತಿ ಹಿಡಿಯಿರಿ. ನಾನು ನಿಧಾನ ಹಿಂದಕ್ಕೆ ಹೆಜ್ಜೆ ಇಡುತ್ತೇನೆ, ನೀವು ರಾಡಿನ ತುದಿ ಮಾತ್ರ ನೋಡುತ್ತಿರಿ.

ಒಂದು ಹೆಜ್ಜೆ. ತುದಿ ಬಾಗಿತು. ಎರಡು. ಇನ್ನೂ ಬಾಗಿತು, ಸ್ಪೂಲು ಕದಲಿಲ್ಲ. ಮೂರು. ಈಗ ತಟ್ಟನೆ ಜಾರಿತು, ತುದಿ ಮೇಲಕ್ಕೆ ಚಿಮ್ಮಿತು, ಮತ್ತೆ ಕಚ್ಚಿಕೊಂಡಿತು, ಮತ್ತೆ ಜಾರಿತು. ನಿಮ್ಮ ರಾಡಿನ ತುದಿ ತಲೆಯಾಡಿಸುತ್ತಿದೆ. ಆ ಪ್ರತಿಯೊಂದು ಆಟದಲ್ಲೂ ಎರಡು ಅಪಾಯವಿದೆ: ಕಚ್ಚಿಕೊಂಡಾಗ ದಾರ ಹರಿಯಬಹುದು ಇಲ್ಲವೇ ಕೊಕ್ಕೆ ತುಟಿ ಹರಿದುಕೊಂಡು ಬರಬಹುದು, ತಟ್ಟನೆ ಜಾರಿ ತುದಿ ಚಿಮ್ಮಿದಾಗ ದಾರ ಸಡಿಲವಾಗಿ ಮೀನು ತಲೆ ಕೊಡವಿ ಕಪ್ಪೆಯನ್ನು ಉಗುಳಬಹುದು. ಡ್ರ್ಯಾಗ್ ಎಂದರೆ ಸ್ಪೂಲಿನೊಳಗೆ ಒಂದರ ಮೇಲೊಂದು ಕೂತ ಬಿಲ್ಲೆಗಳು. ಕೆಲವು ಲೋಹದವು, ನಡುವೆ ಉಣ್ಣೆ ಒತ್ತಿ ಮಾಡಿದ ಫೆಲ್ಟು ಅಥವಾ ಕಾರ್ಬನ್ನು. ನಿಂತ ಬಿಲ್ಲೆಯನ್ನು ಹೊರಡಿಸಲು ಬೇಕಾದ ಬಲ, ಹೊರಟ ಮೇಲೆ ಜಾರಿಸುತ್ತಿರಲು ಬೇಕಾದ ಬಲ, ಇವೆರಡರ ನಡುವಿನ ಅಂತರ ಎಷ್ಟು ಕಡಿಮೆಯೋ ಡ್ರ್ಯಾಗು ಅಷ್ಟು ಒಳ್ಳೆಯದು. ಪೆಟ್ಟಿಗೆಯ ಮೇಲೆ ಬರೆದ 'ಗರಿಷ್ಠ 8 ಕಿಲೋ' ಈ ಅಂತರದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಎಂಟು ಕಿಲೋ ನಿಮಗೆ ಬೇಕಾಗುವುದೂ ಇಲ್ಲ. ದಾರ ತಡೆಯುವ ತೂಕದ ಕಾಲು ಭಾಗಕ್ಕೆ ಡ್ರ್ಯಾಗು ಕೂರಿಸುವುದು ರೂಢಿ. ಹದಿನಾಲ್ಕು ಕಿಲೋ ದಾರಕ್ಕೆ ಮೂರೂವರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ತಿಳಿದರೆ ಸ್ಪೂಲಿನ ಅಳತೆ ಯಾಕೆ ಮುಖ್ಯ ಎಂದು ತಾನಾಗಿ ಹೊಳೆಯುತ್ತದೆ. ಬಿಲ್ಲೆಗಳ ಹಿಡಿತ ಬದಲಾಗುವುದಿಲ್ಲ, ಆದರೆ ದಾರ ಹೊರಗೆ ಹೋದಂತೆ ಸ್ಪೂಲಿನ ಮೇಲಿನ ಸುತ್ತಿನ ವ್ಯಾಸ ಕುಗ್ಗುತ್ತದೆ. ಮೀನು ಎಳೆಯಬೇಕಾದ ಸನ್ನೆ ಚಿಕ್ಕದಾಗುತ್ತದೆ. ಸುತ್ತಿನ ವ್ಯಾಸ ಅರ್ಧಕ್ಕಿಳಿದರೆ, ನೀವು ಗುಬುಟು ಮುಟ್ಟದಿದ್ದರೂ ದಾರದ ಮೇಲಿನ ಬಿಗಿ ಎರಡರಷ್ಟಾಗುತ್ತದೆ. ನದಿಯಲ್ಲಿ ಮಶೀರು ಹೊಳೆ ಹಿಡಿದು ಇಳಿದಾಗ ದಾರ ತುಂಡಾಗುವುದರಲ್ಲಿ ಇದರ ಪಾಲೂ ಇರುತ್ತದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಶೀರು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಅಂಥ ಮೀನು ಓಡಲು ನಿಂತರೆ ನೂರೈವತ್ತು ಮೀಟರ್ ದಾರ ಏನೇನೂ ಅಲ್ಲ. ಆ ಹೊಳೆಗೆ ದೊಡ್ಡ ಸ್ಪೂಲು, ಬೇರೆ ರಾಡು, ಬೇರೆಯೇ ಲೆಕ್ಕ. ಕಾವೇರಿ ಕೊಳ್ಳದ ಆ ಗೂನುಬೆನ್ನಿನ ಮಶೀರು ಈಗ ಅಳಿವಿನ ಅಂಚಿನಲ್ಲಿದೆ, 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅತಿ ಗಂಡಾಂತರದ ಪಟ್ಟಿಗೆ ಸೇರಿಸಿತು. ಇರುವ ನಾಲ್ಕು ಮೀನು ಬದುಕಲಿ. ನಾವು ಕೊರಮೀನಿಗೆ ಮರಳೋಣ.

ಮೂರನೆಯ ರೀಲು ನೋಡಲು ಸಾದಾ, ಮಾಸಲು ಕಪ್ಪು. ಸ್ಪೂಲಿನ ಅಂಚಿನಲ್ಲಿ ಸಿ3000ಎಚ್‌ಜಿ ಎಂದಿದೆ. ಜಪಾನಿನ ಶಿಮಾನೊ ಕಂಪನಿಯದು, 1921ರಲ್ಲಿ ಸಕಾಯಿ ಊರಿನಲ್ಲಿ ಶುರುವಾಗಿ ಸೈಕಲ್ ಬಿಡಿಭಾಗಗಳಿಂದ ಹೆಸರು ಮಾಡಿ ಆಮೇಲೆ ರೀಲಿಗೆ ಕೈಹಾಕಿದವರು. ಕಂಪನಿಯ ಹೆಸರಿಗಿಂತ ಆ ಅಕ್ಷರಗಳನ್ನು ಓದಲು ಕಲಿಯಿರಿ. ಮುಂದಿನ ಸಿ ಎಂದರೆ ಚಿಕ್ಕ ಅಳತೆಯ ದೇಹದ ಮೇಲೆ ಅದಕ್ಕಿಂತ ತುಸು ಹೆಚ್ಚು ದಾರ ಹಿಡಿಯುವ ಸ್ಪೂಲು. ಎಚ್‌ಜಿ ಎಂದರೆ ಹೆಚ್ಚಿನ ಗೇರು: ಹಿಡಿಕೆ ಒಂದು ಸುತ್ತು ತಿರುಗಿದರೆ ದಾರ ಸುತ್ತುವ ರೋಟರು ಸುಮಾರು ಆರು ಸುತ್ತು ತಿರುಗುತ್ತದೆ. ಎಸ್ ಇದ್ದರೆ ಆಳ ಕಡಿಮೆಯ ಸ್ಪೂಲು, ತೆಳು ದಾರಕ್ಕೆ. ಪಿಜಿ ಇದ್ದರೆ ಕಡಿಮೆ ಗೇರು. ಒಂದು ಕಂಪನಿಯ 3000 ಇನ್ನೊಂದರ 3000ಕ್ಕೆ ಸಮವೆಂದು ಮಾತ್ರ ನಂಬಬೇಡಿ. ಸ್ಪೂಲಿನ ಮೇಲೆ ಯಾವ ದಾರ ಎಷ್ಟು ಮೀಟರ್ ಹಿಡಿಯುತ್ತದೆ ಎಂದು ಬರೆದಿರುತ್ತದಲ್ಲ, ಅದನ್ನು ಹೋಲಿಸಿ.

ಎಸೆಯಿರಿ. ಈ ಸಲ ಜೊಂಡಿನ ಆ ಬಾಯಿಯ ಆಚೆಗೆ, ಗುಳ್ಳೆ ಎದ್ದ ಜಾಗದಿಂದ ನಾಲ್ಕು ಮಾರು ಮುಂದಕ್ಕೆ. ಮೀನಿನ ತಲೆ ಮೇಲೆಯೇ ಹಾಕಬೇಡಿ, ಅದು ಹೆದರುತ್ತದೆ. ಬೇಲ್ ಮುಚ್ಚಿ. ದಾರ ಬಿಗಿ ಮಾಡಿ. ಕುಣಿಸುತ್ತಾ ತನ್ನಿ.

ಒಂದು ಎಲೆಯಿಂದ ಇನ್ನೊಂದಕ್ಕೆ. ನಿಲ್ಲಿಸಿ. ತೆರಪಿಗೆ ಇಳಿಸಿ. ನಿಲ್ಲಿಸಿ.

ನೀರು ಸಿಡಿಯಿತು!

ಎಳೆಯಬೇಡಿ, ತಾಳಿ, ಒಂದು ಉಸಿರು. ಕಪ್ಪೆ ಕಾಣುತ್ತಿಲ್ಲ, ದಾರ ಪಕ್ಕಕ್ಕೆ ಸರಿಯುತ್ತಿದೆ. ಸಡಿಲ ಸುತ್ತಿಕೊಳ್ಳಿ, ಬೇಗ. ಹೆಚ್ಚಿನ ಗೇರು ಈಗ ದುಡಿಯುತ್ತದೆ: ಒಂದು ತಿರುವಿಗೆ ಮೊಳಕ್ಕೆ ಎರಡರಷ್ಟು, ತೊಂಬತ್ತು ಸೆಂಟಿಮೀಟರ್ ದಾರ ಒಳಗೆ ಬರುತ್ತಿದೆ. ಐದರ ಗೇರಿನಲ್ಲಿ ಎಪ್ಪತ್ತೈದೇ ಬರುತ್ತಿತ್ತು, ಅಷ್ಟರೊಳಗೆ ಮೀನು ಇನ್ನೊಂದು ಗಿಡದ ಬುಡ ಸುತ್ತುತ್ತಿತ್ತು. ಈಗ ಹೊಡೆಯಿರಿ, ಮೇಲಕ್ಕೆ, ಜೋರಾಗಿ!

ರಾಡು ಬಾಗಿ ನಿಂತಿತು. ಹಿಡಿಕೆ ಹಿಂದಕ್ಕೆ ಒಂದು ನೂಲಿನಷ್ಟೂ ತಿರುಗಲಿಲ್ಲ, ಗಮನಿಸಿ. ಒಳಗಿನ ಉರುಳೆಗಳು ಅದನ್ನು ಹೊಡೆದ ಕ್ಷಣದಲ್ಲೇ ಕಚ್ಚಿ ಹಿಡಿದಿವೆ. ಅಲ್ಲಿ ಸಡಿಲವಿದ್ದಿದ್ದರೆ ನಿಮ್ಮ ಹೊಡೆತದ ಅರ್ಧ ಬಲ ರೀಲಿನಲ್ಲೇ ಕರಗುತ್ತಿತ್ತು, ಕೊಕ್ಕೆ ಆ ಗಡಸು ದವಡೆಗೆ ಇಳಿಯುತ್ತಿರಲಿಲ್ಲ. ಮೀನು ಜೊಂಡಿಗೆ ತಿರುಗಿದೆ. ಬಿಡಬೇಡಿ, ರಾಡಿನ ಬುಡದಿಂದ ಎತ್ತಿ, ಸುತ್ತಿ, ಎತ್ತಿ, ಸುತ್ತಿ. ಎಲೆಗಳ ಗುಡ್ಡೆಯೇ ಬರುತ್ತಿದೆ, ಬರಲಿ. ತೆರೆದ ನೀರಿಗೆ ಬಂತು. ಇನ್ನು ಅವಸರವಿಲ್ಲ.

ದಡ ಕಂಡೊಡನೆ ಅದು ಮತ್ತೊಮ್ಮೆ ಮುಳುಗಿ ಹೊರಟಿತು. ಕೇಳಿ: 'ಸರ್ರ್...' ಎಂದು ಒಂದೇ ಸಮನೆ ಸದ್ದು. ರಾಡಿನ ತುದಿ ಬಾಗಿದಲ್ಲೇ ಬಾಗಿದೆ, ನಡುಗುತ್ತಿಲ್ಲ. ದಾರ ಹೋಗುತ್ತಿದೆ, ಆದರೆ ಅಪ್ಪಣೆ ಕೇಳಿಕೊಂಡು ಹೋಗುತ್ತಿದೆ. ಮೂರು ಮೀಟರ್ ಹೋಗಿ ನಿಂತಿತು. ಡ್ರ್ಯಾಗು ಹೊರಡುವಾಗ ಹಿಡಿಯಲಿಲ್ಲ, ಜಾರುವಾಗ ತಡವರಿಸಲಿಲ್ಲ. ಇದಕ್ಕಾಗಿಯೇ ನಾನು ನಿಮ್ಮನ್ನು ಇಷ್ಟು ದೂರ ಕರೆತಂದದ್ದು. ದಾರ ಓಡುವಾಗ ಹಿಡಿಕೆ ತಿರುಗಿಸಬೇಡಿ, ಪ್ರತಿ ಸುತ್ತೂ ದಾರಕ್ಕೆ ಹುರಿ ಏರಿಸುತ್ತದೆ. ಕಾಯಿರಿ. ಈಗ ಸುತ್ತಿ.

ಕೆಸರಂಚಿಗೆ ಬಂದ ಮೀನು ಒಂದೂವರೆ ಮೊಳ. ಬೆನ್ನು ಕಡುಕಂದು, ಹೊಟ್ಟೆ ಬಿಳಿ, ಪಕ್ಕೆಯ ಮೇಲೆ ಓರೆ ಪಟ್ಟೆಗಳು. ತಲೆ ಚಪ್ಪಟೆ, ಬಾಯಿ ತುಂಬ ಚೂಪು ಹಲ್ಲು, ಕೈ ಹಾಕಬೇಡಿ, ಇಕ್ಕಳ ತೆಗೆದುಕೊಳ್ಳಿ.

ಹರಿಗೋಲು ದಡಕ್ಕೆ ಬಂದಿದೆ. ಬಲೆ ಕೆಳಗಿಟ್ಟು ಆ ಹಿರಿಯರು ನಿಮ್ಮ ಕೈಯ ರೀಲನ್ನೇ ನೋಡುತ್ತಿದ್ದಾರೆ.

"ಎಷ್ಟ್ ಕೆಜಿ ಮೀನ್ ತಡೀತದೆ ಸಾರ್ ಇದು?"

"ರೀಲಲ್ಲ ಅಣ್ಣ, ದಾರ ತಡಿಯೋದು. ರೀಲು ಬಿಟ್ಟು ಬಿಟ್ಟು ಹಿಡಿಯುತ್ತೆ ಅಷ್ಟೆ."

"ಅದೇ ಮತ್ತೆ. ನಾವು ಕೈಗಾಳದಲ್ಲಿ ಬೆರಳಲ್ಲೇ ಬಿಡ್ತಿದ್ವಿ." ಅವರು ತೋರುಬೆರಳು ಚಾಚಿ ತೋರಿಸುತ್ತಾರೆ. ಮೊದಲ ಗೆಣ್ಣಿನ ಮೇಲೆ ದಾರ ಕೊರೆದ ಬಿಳಿ ಗೆರೆಗಳು, ಒಂದರ ಪಕ್ಕ ಒಂದು. ಎಳೆದಾಗ ಬಿಡುವುದು, ನಿಂತಾಗ ಹಿಡಿಯುವುದು ಆ ಬೆರಳಿಗೆ ಯಾವ ಬಿಲ್ಲೆಗಿಂತಲೂ ಚೆನ್ನಾಗಿ ಗೊತ್ತಿತ್ತು. "ಮುಂಗಾರಲ್ಲಿ ಇದ್ರ ಮರಿ ಕೆಂಪಗೆ ಗುಂಪು ಗುಂಪಾಗಿ ಮೇಲೆ ಆಡ್ತವೆ. ಆಗ ತಾಯಿಗೆ ಹಾಕ್ಬೇಡಿ ಸಾರ್, ಮರಿ ಎಲ್ಲಾ ಹೋಯ್ತವೆ."

ಮೀನು ನಿಮ್ಮದು, ಬಿಡುವುದೋ ಒಯ್ಯುವುದೋ ನೀವೇ ಹೇಳಿ. ನೀವು ಹಿರಿಯರ ಮುಖ ನೋಡಿದಿರಿ, ಮೀನನ್ನು ಹರಿಗೋಲಿಗೆ ಕೊಟ್ಟಿರಿ. ಸರಿಯಾಯಿತು.

ಬಿಸಿಲೇರಿದೆ. ಹೊರಡೋಣ. ಹಾಸನದಲ್ಲಿ ಊಟ, ಆಮೇಲೆ ಹೆದ್ದಾರಿ. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ನಿಮಗೆ ನಿದ್ದೆ ಹತ್ತಿದೆ.

ಅಂಗಡಿ ಮೊದಲ ಮಹಡಿಯಲ್ಲಿದೆ, ಕಿರಿದು. ಗೋಡೆಯ ತುಂಬ ರಾಡುಗಳು, ಗಾಜಿನ ಕಪಾಟಿನಲ್ಲಿ ರೀಲುಗಳು. ಬೆಳಗ್ಗೆ ಇಲ್ಲಿಗೇ ನೇರ ಬಂದಿದ್ದರೆ ನಿಮ್ಮ ಕಣ್ಣು ಆ ಕೆಂಪು ಬಂಗಾರದ್ದಕ್ಕೇ ಹೋಗುತ್ತಿತ್ತು. ಈಗ ನೀವು ಬೇರೆ ಮಾತು ಆಡುತ್ತಿದ್ದೀರಿ. "ಏಳಡಿ ರಾಡು, ಪಿಇ 2, ಕಪ್ಪೆ ಹಾಕೋದು. 3000ದ ಅಳತೆಯಲ್ಲಿ ಹೆಚ್ಚಿನ ಗೇರಿನದು ತೋರಿಸ್ತೀರಾ?"

ಮಾಲೀಕರು ತಲೆಯೆತ್ತಿ ನೋಡಿದರು. ಇಂಥ ಗಿರಾಕಿಗೆ ಅವರು ಎದ್ದು ಕಪಾಟು ತೆಗೆಯುತ್ತಾರೆ.

ಮೂರು ರೀಲು ಮೇಜಿನ ಮೇಲೆ ಬಂದವು, ಒಂದು ಶಿಮಾನೊ, ಒಂದು ಡೈವಾ, ಒಂದು ಆಬು ಗಾರ್ಸಿಯಾ. ಮೂರರ ಬೆಲೆಯೂ ಒಂದೇ ಆಸುಪಾಸು. ಒಂದರ ದೇಹ ಅಲ್ಯೂಮಿನಿಯಂ, ಉಳಿದೆರಡು ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್ಕು. ಸಿಹಿನೀರಿನಲ್ಲಿ ಎರಡೂ ನಡೆಯುತ್ತದೆ, ಉಪ್ಪಿನ ಭಯವಿಲ್ಲ, ಇದರ ಮೇಲೆ ಹೊತ್ತು ಕಳೆಯಬೇಡಿ. ನೀವು ಒಂದೊಂದನ್ನೇ ಎತ್ತಿ, ಕಣ್ಣು ಮುಚ್ಚಿ, ನಿಧಾನ ತಿರುಗಿಸಿದಿರಿ. ಹಿಡಿಕೆ ಅಲ್ಲಾಡಿಸಿದಿರಿ. ಹಿಂದಕ್ಕೆ ತಿರುಗಿಸಲು ನೋಡಿದಿರಿ. ಎಡಗಡೆಯ ಹಿಡಿಕೆಯನ್ನು ಬಲಕ್ಕೆ ಬದಲಿಸಬಹುದೇ ಎಂದು ಕೇಳಿದಿರಿ; ಎಲ್ಲದರಲ್ಲೂ ಬದಲಿಸಬಹುದು. ಬೇಲ್ ತೆರೆದು ಮುಚ್ಚಿದಾಗ 'ಟಕ್' ಎನ್ನುವ ಸದ್ದು ತುಂಬಿ ಬರಬೇಕು, ಎರಡನೆಯದರಲ್ಲಿ ಅದು ಸೊರಗಿದೆ. ಅಂಗಡಿಯಲ್ಲಿ ರೀಲಿಗೆ ದಾರವಿರುವುದಿಲ್ಲ, ಆದ್ದರಿಂದ ಒಂದು ತುಂಡು ದಾರ ಕೇಳಿ ಸ್ಪೂಲಿಗೆ ಸುತ್ತಿ ಕಟ್ಟಿ, ನನ್ನ ಕೈಗೆ ಕೊಟ್ಟು ಎಳೆಸಿದಿರಿ. ಡ್ರ್ಯಾಗನ್ನು ಪೂರ್ತಿ ಸಡಿಲದಿಂದ ಪೂರ್ತಿ ಬಿಗಿಯವರೆಗೆ ತಿರುಗಿಸಿ ಎಷ್ಟು ಸುತ್ತು ಹಿಡಿಯಿತೆಂದು ಎಣಿಸಿದಿರಿ. ಒಂದೇ ಸುತ್ತಿನಲ್ಲಿ ಸಡಿಲದಿಂದ ಬೀಗದವರೆಗೆ ಹೋಗುವ ಗುಬುಟು ನಡುವಿನ ಹದ ಹುಡುಕಲು ಬಿಡುವುದಿಲ್ಲ.

"ಇದ್ರಲ್ಲಿ ಬೇರಿಂಗ್ ಜಾಸ್ತಿ ಇದೆ ಸಾರ್," ಎಂದು ಪಕ್ಕದಲ್ಲಿದ್ದ ಹುಡುಗ ಒಂದನ್ನು ಮುಂದೆ ತಳ್ಳಿದ. ಮಾಲೀಕರೇ ಅವನನ್ನು ತಡೆದರು. "ಅದಿರ್ಲಿ, ಬಿಡಿಭಾಗ ಯಾವುದಕ್ಕೆ ಸಿಗುತ್ತೆ ಅಂತ ಅವ್ರಿಗೆ ಹೇಳು." ಒಳ್ಳೆಯ ಅಂಗಡಿಯ ಗುರುತು ಇದು. ಬೇಲಿನ ಸ್ಪ್ರಿಂಗು ಮುರಿದಾಗ, ರೋಲರು ಸವೆದಾಗ ಇಡೀ ರೀಲು ಎಸೆಯಬೇಕಾಗಿ ಬಂದರೆ ಅಗ್ಗದ್ದೂ ದುಬಾರಿ. ಉಳಿತಾಯ ಮಾಡಬೇಕೆಂದರೆ ರಾಡಿನಲ್ಲಿ ಮಾಡಿ, ಲೂರಿನಲ್ಲಿ ಮಾಡಿ, ಡ್ರ್ಯಾಗಿನಲ್ಲಿ ಮಾಡಬೇಡಿ.

ನೀವು ಮೂರನೆಯದನ್ನು ಆರಿಸಿದಿರಿ. ಯಾಕೆಂದು ನಾನು ಕೇಳುವುದಿಲ್ಲ, ರಾಡಿಗೆ ಸಿಕ್ಕಿಸಿ ಬೆರಳ ಮೇಲೆ ಅಡ್ಡ ಇಟ್ಟು ನೋಡಿದ್ದನ್ನು ಕಂಡೆ.

ದಾರ ಇಲ್ಲೇ ಸುತ್ತಿಸಿಕೊಂಡು ಹೋಗಿ. ಬರಿಯ ಲೋಹದ ಸ್ಪೂಲಿನ ಮೇಲೆ ಪಿಇ ದಾರ ಕಟ್ಟಿದರೆ ಅದು ಒಟ್ಟಾಗಿ ಜಾರುತ್ತದೆ, ನೀವು ಡ್ರ್ಯಾಗು ಕೆಟ್ಟಿತೆಂದು ತಿಳಿಯುತ್ತೀರಿ. ಆದ್ದರಿಂದ ಮೊದಲು ಸಾದಾ ತಂಗೂಸಿ ದಾರ ಕೆಲವು ಮೀಟರ್, ಅದಕ್ಕೆ ಗಂಟು ಹಾಕಿ ಮೇಲೆ ನೂರೈವತ್ತು ಮೀಟರ್ ಪಿಇ. ಹುಡುಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಅದುಮಿ ಹಿಡಿದಿದ್ದಾನೆ, ನೀವು ಹಿಡಿಕೆ ತಿರುಗಿಸುತ್ತಿದ್ದೀರಿ. ಬಿಗಿಯಾಗಿ ಬರಲಿ, ಸಡಿಲ ಸುತ್ತು ಇಲ್ಲೇ ಹುಟ್ಟುತ್ತದೆ. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಉಳಿದಾಗ ನಿಲ್ಲಿಸಿ. ಕಡಿಮೆ ತುಂಬಿದರೆ ದಾರ ಅಂಚಿಗೆ ಉಜ್ಜಿ ಎಸೆತ ಮೊಟಕಾಗುತ್ತದೆ, ಹೆಚ್ಚು ತುಂಬಿದರೆ ಗುಂಪಾಗಿ ಕಳಚಿ ಬೀಳುತ್ತದೆ.

ಮಾಲೀಕರು ಮೇಜಿನ ಕೆಳಗಿಂದ ಕೊಕ್ಕೆಯ ತಕ್ಕಡಿ ತೆಗೆದುಕೊಟ್ಟರು. ದಾರದ ತುದಿ ಕೊಕ್ಕೆಗೆ ಕಟ್ಟಿ, ರೀಲಿನಿಂದ ನೇರ ಎಳೆಯಿರಿ. ಮೂರು ಕಿಲೋ ತೋರಿಸಿದಾಗ ಸ್ಪೂಲು ಜಾರಬೇಕು. ಬಾಕಿ ಅರ್ಧ ಕಿಲೋ ರಾಡಿನ ಉಂಗುರಗಳ ಉಜ್ಜಾಟಕ್ಕೆ. ಎರಡೂವರೆಗೇ ಜಾರಿತು. ಗುಬುಟು ಎರಡು ಹಲ್ಲು ಮುಂದಕ್ಕೆ. ಈಗ ಮೂರು. ಆ ಬಿಗಿ ಎಷ್ಟಿರುತ್ತದೆಂದು ಒಮ್ಮೆ ಕೈಯಿಂದಲೂ ದಾರ ಎಳೆದು ನೋಡಿಕೊಳ್ಳಿ, ನೀರಿನ ಮುಂದೆ ತಕ್ಕಡಿ ಇರುವುದಿಲ್ಲ. ಆಮೇಲೆ ಗುಬುಟನ್ನು ಪೂರ್ತಿ ಸಡಿಲಿಸಿ ಪೆಟ್ಟಿಗೆಗೆ ಹಾಕಿ. ಬಿಗಿಯಲ್ಲೇ ಇಟ್ಟರೆ ಬಿಲ್ಲೆಗಳು ಒತ್ತಿಕೊಂಡು ಚಪ್ಪಟೆಯಾಗುತ್ತವೆ, ಮುಂದಿನ ಸಲ ಮೊದಲ ಎಳೆತಕ್ಕೆ ಹಿಡಿದುಕೊಳ್ಳುತ್ತವೆ.